ಕ್ಯಾಲಿಫೋರ್ನಿಯಾದ ಹೊಸ ಕಾಡ್ಗಿಚ್ಚು ನಕ್ಷೆಯಲ್ಲಿ ನಮ್ಮ ಮನೆ ‘ಅತಿ ಹೆಚ್ಚು ಅಪಾಯ’ದ ವಲಯಕ್ಕೆ ಬಂದಿದೆ. ನಗರಸಭೆ ಇದನ್ನು ಬೇಡ ಅನ್ನಬಹುದಾ?

ಇಲ್ಲ. ನಕ್ಷೆ ರಾಜ್ಯದ ಅಗ್ನಿಶಾಮಕ ಇಲಾಖೆ ಕ್ಯಾಲ್ ಫೈರ್‌ನದು. 2025ರ ಫೆಬ್ರವರಿ, ಮಾರ್ಚ್‌ನಲ್ಲಿ ಹಂತ ಹಂತವಾಗಿ ಬಂತು. ಕೈಗೆ ಬಂದ 30 ದಿನದೊಳಗೆ ನಗರ ಅದನ್ನು ಜನರ ಮುಂದಿಡಬೇಕು, 120 ದಿನದೊಳಗೆ ಅಂಗೀಕರಿಸಬೇಕು. ವಲಯದ ಮಟ್ಟ ಏರಿಸಬಹುದು, ಇಳಿಸುವಂತಿಲ್ಲ. ಹಾಗಾಗಿ ಸಭೆಯಲ್ಲಿ ಸುಮ್ನೆ ಕೂಗಾಡಿ ಪ್ರಯೋಜನವಿಲ್ಲ.

‘ಹೊಸ ಚಾವಣಿ ಹಾಕಿಸಿದೆ, ಪೊದೆ ಕಡಿಸಿದೆ, ಆದರೂ ಯಾಕೆ?’ ಅಂತ ಕೇಳುವವರೇ ಜಾಸ್ತಿ. ನಕ್ಷೆ ನೋಡುವುದು ನಿಮ್ಮ ಮನೆಯನ್ನಲ್ಲ, ಜಾಗವನ್ನು: ಇಳಿಜಾರು ಎಷ್ಟು, ಗಿಡಗಂಟಿ ಎಂಥದ್ದು, ಗಾಳಿ ಹೇಗೆ ಬೀಸುತ್ತದೆ, ಕಿಡಿಗಳು ಎಷ್ಟು ದೂರ ಹಾರಿ ಬರಬಹುದು, ಇದೆಲ್ಲ ಸೇರಿಸಿ ಮುಂದಿನ 30–50 ವರ್ಷದ ಲೆಕ್ಕ. ಈ ಕಿಡಿಗಳದ್ದೇ ದೊಡ್ಡ ತಲೆನೋವು. ಬೆಂಕಿ ದೂರದಲ್ಲಿದ್ದರೂ ಅಟ್ಟದ ಗಾಳಿಕಿಂಡಿಯಲ್ಲಿ ಒಂದು ನುಸುಳಿದರೆ ಸಾಕು, ಮನೆ ಒಳಗಿಂದ ಹೊತ್ತಿಕೊಳ್ಳುತ್ತದೆ. ಅದಕ್ಕೇ ಈ ವಲಯದ ಹೊಸ ಮನೆಗಳಿಗೆ ಕಿಡಿ ತಡೆಯುವ ಕಿಂಡಿ ಕಡ್ಡಾಯ.

ನಿಮ್ಮ ವಲಯದಲ್ಲಿ ಮನೆ ಸುತ್ತ 100 ಅಡಿವರೆಗೆ, ನಿಮ್ಮ ಗಡಿ ಮೀರದಂತೆ, ಒಣಹುಲ್ಲು, ತರಗೆಲೆ ತೆಗೆದಿರಬೇಕು. ಮಾರುವಾಗ ವಲಯ ಯಾವುದೆಂದು ಕೊಳ್ಳುವವರಿಗೆ ತಿಳಿಸಲೇಬೇಕು. ವಿಮೆಯವರು ಮಾತ್ರ ತಮ್ಮದೇ ಲೆಕ್ಕ ಹಾಕುತ್ತಾರೆ, ಚಾವಣಿ ಹಾಕಿಸಿದ್ದನ್ನು ಅವರಿಗೆ ಹೇಳಿ.