ಕಂಟ್ರೋಲ್ ರೂಮಿನ ಕುರ್ಚಿಗೆ ಎಂಥ ಆರೋಗ್ಯ ಬೇಕು?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಅಣು ವಿದ್ಯುತ್ ಸ್ಥಾವರದ ಕೆಲಸ ಮತ್ತು ಅಲ್ಲಿನ ವೈದ್ಯಕೀಯ ತಪಾಸಣೆ ಕುರಿತು ಕೇಳಿದ ಪ್ರಶ್ನೆಗಳಿಗೆ ಈ ಸಲ ಔದ್ಯೋಗಿಕ ಆರೋಗ್ಯ ವೈದ್ಯರೂ ಸ್ಥಾವರ ಕಾರ್ಯಾಚರಣೆ ಬಲ್ಲ ಇಂಜಿನಿಯರೂ ಸೇರಿ ಉತ್ತರಿಸಿದ್ದಾರೆ.

ನಮ್ಮ ಯಜಮಾನರು ಅಣು ಸ್ಥಾವರವೊಂದರಲ್ಲಿ ಕಂಟ್ರೋಲ್ ಇಂಜಿನಿಯರ್. ವಯಸ್ಸು 41. ಹೋದ ತಿಂಗಳು ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಆಫೀಸಿಗೆ ಹೇಳಿದರೆ ಲೈಸೆನ್ಸ್ ಹೋಗುತ್ತದೆ ಎಂದು ಹೆದರಿ ಹೊರಗಡೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ. ಏನು ಮಾಡಲಿ?
— ಓದುಗರೊಬ್ಬರು, ಚಿಕ್ಕಮಗಳೂರು

ಮೊದಲು ಅವರನ್ನು ಸ್ಥಾವರದ ವೈದ್ಯಾಧಿಕಾರಿಯ ಹತ್ತಿರ ಕಳಿಸಿ. ಅವರ ಹೆದರಿಕೆ ಅರ್ಥವಾಗುತ್ತದೆ, ಆದರೆ ನಿಜವಾದ ಅಪಾಯ ಇರುವುದು ಮುಚ್ಚಿಡುವುದರಲ್ಲೇ.

ಕಂಟ್ರೋಲ್ ರೂಮಿನಲ್ಲಿ ಸ್ಥಾವರ ನಡೆಸುವ ಇಂಥ ಆಪರೇಟರ್‌ಗಳ ತಪಾಸಣೆಯಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ಒಂದನ್ನು: ಪಾಳಿಯ ನಡುವೆ ಈ ಮನುಷ್ಯ ಇದ್ದಕ್ಕಿದ್ದಂತೆ ಕೈಲಾಗದವನಾಗುವ ಸಂಭವ ಎಷ್ಟು? ಈ ದೃಷ್ಟಿಯಿಂದ ನೋಡಿದರೆ ಸಕ್ಕರೆ ಏರುವುದಕ್ಕಿಂತ ಕುಸಿಯುವುದೇ ಹೆಚ್ಚು ಅಪಾಯ. ಒಂದು ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ ಗ್ಲೂಕೋಸ್ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಹಸಿವು. 54ಕ್ಕಿಂತ ಕೆಳಗೆ ಹೋದರೆ ಮಿದುಳಿಗೇ ಕೊರತೆ. ತಾನು ತಪ್ಪು ಮಾಡುತ್ತಿದ್ದೇನೆ ಎಂಬುದೂ ತಿಳಿಯುವುದಿಲ್ಲ. ಎದುರಿಗಿರುವ ಅಲಾರಂ ಓದುತ್ತಾರೆ, ಅದರ ಅರ್ಥ ಹೊಳೆಯುವುದಿಲ್ಲ.

ಯಾವ ಔಷಧಿ ಎಂಬುದು ಇಲ್ಲಿ ಬಹಳ ಮುಖ್ಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಕುಸಿಯುವುದು ಅಪರೂಪ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮಾತ್ರೆಗಳು ಮತ್ತು ಇನ್ಸುಲಿನ್ ಹಾಗಲ್ಲ; ಮಾತ್ರೆ ನುಂಗಿ ಊಟ ತಪ್ಪಿಸಿದರೆ ಸಾಕು. ರಾತ್ರಿ ಪಾಳಿಯಲ್ಲಿ ಆಗುವುದೇ ಇದು: ಸಂಜೆ ಮಾತ್ರೆ, ಅವಸರದಲ್ಲಿ ಎರಡು ತುತ್ತು, ನಡುರಾತ್ರಿ ಯಂತ್ರದಲ್ಲಿ ಏನೋ ತೊಂದರೆ, ಡಬ್ಬಿ ಬಿಚ್ಚಲು ಪುರುಸೊತ್ತಿಲ್ಲ. ಹೊರಗಿನ ವೈದ್ಯರಿಗೆ ಅವರ ಪಾಳಿಯ ವಿಷಯ ಗೊತ್ತಿಲ್ಲದಿದ್ದರೆ ಹಗಲು ಕೆಲಸದವರಿಗೆ ಬರೆದಂತೆಯೇ ಚೀಟಿ ಬರೆಯುತ್ತಾರೆ. ಕದ್ದುಮುಚ್ಚಿ ಮಾಡಿಸಿಕೊಳ್ಳುವ ಚಿಕಿತ್ಸೆಯ ಕೆಡುಕು ಅಲ್ಲಿದೆ.

ಲೈಸೆನ್ಸಿನ ಮಾತು. ನಮ್ಮ ದೇಶದಲ್ಲಿ ಶಿಫ್ಟ್ ಚಾರ್ಜ್ ಇಂಜಿನಿಯರ್, ಅಸಿಸ್ಟೆಂಟ್ ಶಿಫ್ಟ್ ಚಾರ್ಜ್ ಇಂಜಿನಿಯರ್, ಕಂಟ್ರೋಲ್ ಇಂಜಿನಿಯರ್ ಹುದ್ದೆಗಳಿಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ವ್ಯವಸ್ಥೆಯಡಿ ಲೈಸೆನ್ಸ್ ಬೇಕು. ಅದರ ಅವಧಿ 3 ವರ್ಷ, ವೈದ್ಯಕೀಯ ಅರ್ಹತೆ ಅದರ ಭಾಗ. ಅಮೆರಿಕದಲ್ಲಿ ಲೈಸೆನ್ಸ್ 6 ವರ್ಷದ್ದು, ವೈದ್ಯಕೀಯ ತಪಾಸಣೆ 2 ವರ್ಷಕ್ಕೊಮ್ಮೆ. ಅಲ್ಲಿ ನಡುವೆ ಶಾಶ್ವತ ಸ್ವರೂಪದ ಕಾಯಿಲೆ ಕಂಡುಬಂದರೆ, ಗೊತ್ತಾದ 30 ದಿನದೊಳಗೆ ಕಂಪನಿಯು ನಿಯಂತ್ರಣ ಸಂಸ್ಥೆಗೆ ತಿಳಿಸಬೇಕು. ಹಾಗೆಂದು ಕಾಯಿಲೆ ಬಂದವರನ್ನೆಲ್ಲ ಮನೆಗೆ ಕಳಿಸುವುದಿಲ್ಲ. ಲೈಸೆನ್ಸಿಗೆ ಷರತ್ತು ಸೇರಿಸುತ್ತಾರೆ: ಹೇಳಿದ ಔಷಧಿ ತಪ್ಪದೆ ತೆಗೆದುಕೊಳ್ಳಬೇಕು, ವೈದ್ಯಕೀಯ ವರದಿ ಕೊಡುತ್ತಿರಬೇಕು, ಒಬ್ಬರೇ ನಿಯಂತ್ರಣ ವಹಿಸಬಾರದು, ಇತ್ಯಾದಿ. ಒಂದೇ ಒಂದು ಹೊತ್ತಿನ ಔಷಧಿ ತಪ್ಪಿದರೆ ಮನುಷ್ಯ ಕುಸಿದುಬೀಳುವಂತಿದ್ದರೆ ಮಾತ್ರ ಪರಿಸ್ಥಿತಿ ಕಠಿಣ. ಮೂರ್ಛೆ ರೋಗವನ್ನು ಬಿಗಿಯಾಗಿ ನೋಡುವುದೂ ಇದೇ ಕಾರಣಕ್ಕೆ.

ವೈದ್ಯಾಧಿಕಾರಿಯನ್ನು ಕಾಣಲು ಹೋಗುವಾಗ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ವರದಿ, ಔಷಧಿ ಚೀಟಿ, ಮತ್ತು ಎರಡು ವಾರ ಮನೆಯಲ್ಲೇ ಗ್ಲೂಕೋಮೀಟರಿನಲ್ಲಿ ನೋಡಿ ಬರೆದಿಟ್ಟ ಅಂಕಿಗಳು ಕೈಯಲ್ಲಿರಲಿ. ಅದರಲ್ಲಿ ರಾತ್ರಿ ಪಾಳಿಯ ದಿನಗಳೂ ಸೇರಿರಬೇಕು, ಇಲ್ಲದಿದ್ದರೆ ಆ ಪಟ್ಟಿಗೆ ಬೆಲೆಯಿಲ್ಲ. ಪಾಳಿಗೆ ಹೋಗುವಾಗ ಜೇಬಿನಲ್ಲಿ 15 ಗ್ರಾಂ ಗ್ಲೂಕೋಸ್ ಇರಲಿ. ಸಕ್ಕರೆ ಕುಸಿದರೆ ಅದನ್ನು ತಿಂದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಪಕ್ಕದಲ್ಲಿ ಕೂರುವ ಸಹೋದ್ಯೋಗಿಗೆ ಈ ವಿಷಯ ಗೊತ್ತಿರಬೇಕು.

ಡಿಪ್ಲೊಮಾ ಮುಗಿಸಿದ ಮಗ ಅಣು ವಿದ್ಯುತ್ ನಿಗಮದ ತರಬೇತಿ ಹುದ್ದೆಗೆ ಅರ್ಜಿ ಹಾಕುತ್ತಿದ್ದಾನೆ. ಕಣ್ಣಿನ ಶಿಬಿರದಲ್ಲಿ ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದಾಗ ಕೆಲವು ಅಂಕಿ ಓದಲಾಗಲಿಲ್ಲ. ನನ್ನ ತಮ್ಮನಿಗೂ ಕೆಂಪು–ಹಸಿರು ಗೊಂದಲ ಇದೆ. ಬಣ್ಣದ ಕನ್ನಡಕ ಹಾಕಿಸಿದರೆ ಆಗುತ್ತದೆಯೇ?
— ತಾಯಿಯೊಬ್ಬರು, ಅರಸೀಕೆರೆ

ನಿಮ್ಮ ತಮ್ಮನಿಗಿದೆ ಎಂದಿರಿ, ಅದು ಮುಖ್ಯವಾದ ಸುಳಿವು. ಕೆಂಪು–ಹಸಿರು ಬಣ್ಣಗುರುಡು ಎಕ್ಸ್ ವರ್ಣತಂತುವಿನ ಮೂಲಕ ಬರುತ್ತದೆ. ತಾಯಿಗೆ ತೊಂದರೆ ಕಾಣದೆಯೇ ಮಗನಿಗೆ ದಾಟುತ್ತದೆ. ಸೋದರಮಾವನಿಗೂ ಅಳಿಯನಿಗೂ ಒಟ್ಟಿಗೆ ಇರುವುದು ಹೊಸತಲ್ಲ.

ಆದರೂ ಶಿಬಿರದ ಫಲಿತಾಂಶವನ್ನೇ ಕೊನೆಯೆಂದು ತಿಳಿಯಬೇಡಿ. ಆ ಪುಸ್ತಕದ ಹೆಸರು ಇಶಿಹಾರ. ಹಳದಿ ಬಲ್ಬಿನ ಕೆಳಗೆ ತೋರಿಸಿದರೆ ಫಲಿತಾಂಶ ಕೆಡುತ್ತದೆ. ಮೊಬೈಲ್ ಪರದೆಯ ಮೇಲಂತೂ ನಂಬಲೇಬಾರದು. ಹಗಲು ಬೆಳಕಿನಲ್ಲಿ, ಸುಮಾರು 75 ಸೆಂಟಿಮೀಟರ್ ದೂರದಲ್ಲಿ, ಪುಟ ಕಣ್ಣಿಗೆ ನೇರವಾಗಿರುವಂತೆ ಹಿಡಿದು, ಒಂದೊಂದು ಪುಟಕ್ಕೆ 3 ಸೆಕೆಂಡಿನಲ್ಲಿ ಉತ್ತರ ಕೇಳಬೇಕು. 38 ಪುಟಗಳ ಆವೃತ್ತಿಯಾದರೆ ಮೊದಲ 21ರಲ್ಲಿ 17 ಅಥವಾ ಹೆಚ್ಚು ಸರಿಯಾದರೆ ದೃಷ್ಟಿ ಸಹಜ. 13 ಅಥವಾ ಕಡಿಮೆಯಾದರೆ ಕೊರತೆ ಇದೆ. ಹಾಸನದ ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕ್ರಮವಾಗಿ ಮಾಡಿಸಿ.

ಕವಾಟ ತೆರೆದಿದೆಯೇ, ಪಂಪ್ ಓಡುತ್ತಿದೆಯೇ ಎಂಬುದನ್ನು ಕಂಟ್ರೋಲ್ ರೂಮಿನಲ್ಲಿ ದೀಪದ ಬಣ್ಣವೇ ಹೇಳುತ್ತದೆ. ಅಮೆರಿಕದ ಮಾನದಂಡ ಕೆಂಪು, ಹಸಿರು, ಕಿತ್ತಳೆ ಅಥವಾ ಹಳದಿ ದೀಪಗಳನ್ನು ಬೇರ್ಪಡಿಸಿ ಗುರುತಿಸಬೇಕು ಎನ್ನುತ್ತದೆ. ಬಣ್ಣದ ಕನ್ನಡಕ ಬೆಳಕಿನ ಒಂದು ಭಾಗವನ್ನು ತಡೆದು ವ್ಯತ್ಯಾಸ ಎದ್ದು ಕಾಣುವಂತೆ ಮಾಡುತ್ತದೆಯೇ ಹೊರತು ಇಲ್ಲದ ದೃಷ್ಟಿಯನ್ನು ಕೊಡುವುದಿಲ್ಲ. ಜೊತೆಗೆ ಬೇರೆ ದೀಪಗಳನ್ನು ಮಂಕು ಮಾಡುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ. ಪುಟಗಳನ್ನು ಬಾಯಿಪಾಠ ಮಾಡಿಸುವ ಸಲಹೆ ಯಾರಾದರೂ ಕೊಟ್ಟರೆ ದಯವಿಟ್ಟು ಕಿವಿಗೊಡಬೇಡಿ.

ಅರ್ಜಿಗೆ ಮೊದಲು ಜಾಹೀರಾತಿನ ದೈಹಿಕ ಅರ್ಹತೆಯ ಭಾಗ ಓದಿ. ಸ್ಟೈಪೆಂಡಿಯರಿ ಟ್ರೈನಿ (ಭತ್ಯೆ ಸಹಿತ ತರಬೇತಿ) ಹುದ್ದೆಗಳಿಗೆ ಎತ್ತರ ಕನಿಷ್ಠ 160 ಸೆಂಟಿಮೀಟರ್, ತೂಕ 45.5 ಕಿಲೋ ಎಂದು ಕೇಳುವುದುಂಟು.

ತಪಾಸಣೆಗೆ ಹೋದಾಗಲೆಲ್ಲ ನನ್ನ ಬಿಪಿ ಹೆಚ್ಚು, ಮನೆಯಲ್ಲಿ ಸರಿ. ಯಾವುದು ನಿಜ?
— ಓದುಗರು, ಕಡೂರು

ಎರಡೂ ಇರಬಹುದು. ಅಳೆಯುವ ಅರ್ಧ ಗಂಟೆ ಮುಂಚಿನಿಂದ ಕಾಫಿ, ಸಿಗರೇಟು ಬೇಡ. ನಮ್ಮ ಕಡೆ ಕಾಫಿ ಕುಡಿಯದೆ ಮನೆ ಬಿಡುವವರಿಲ್ಲ, ಆದ್ದರಿಂದಲೇ ಒತ್ತಿ ಹೇಳುತ್ತಿದ್ದೇವೆ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಧಾರವಿಟ್ಟು, ಕಾಲು ನೆಲಕ್ಕೂರಿ 5 ನಿಮಿಷ ಮಾತಿಲ್ಲದೆ ಕೂರಿ. ತೋಳು ಎದೆಯ ಮಟ್ಟದಲ್ಲಿರಲಿ. ತೋಳು ದಪ್ಪವಿದ್ದರೆ ದೊಡ್ಡ ಪಟ್ಟಿ ಕೇಳಿ. ಪಟ್ಟಿ ಚಿಕ್ಕದಾದರೆ ಬಿಪಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಇನ್ನೊಂದು ತಪ್ಪನ್ನು ಬಹಳ ಜನ ಮಾಡುತ್ತಾರೆ: ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ಬೆಳಗಿನ ಬಿಪಿ ಮಾತ್ರೆಯನ್ನೂ ಬಿಟ್ಟು ಬರುವುದು. ವೈದ್ಯರು ಬೇಡವೆನ್ನದಿದ್ದರೆ ಗುಟುಕು ನೀರಿನಲ್ಲಿ ನುಂಗಿ ಬನ್ನಿ. ಅನುಮಾನ ಉಳಿದರೆ 24 ಗಂಟೆ ತೋಳಿಗೆ ಕಟ್ಟಿಕೊಳ್ಳುವ ಯಂತ್ರ ಹಾಕಿಸಿದರೆ ಬಗೆಹರಿಯುತ್ತದೆ.

ಕೈಗಾದಲ್ಲಿ ಕೆಲಸ ಮಾಡುವ ನಮ್ಮ ಭಾವನವರಿಂದ ಪದೇ ಪದೇ ಮೂತ್ರದ ಮಾದರಿ ತೆಗೆದುಕೊಳ್ಳುತ್ತಾರಂತೆ. ಏನಾದರೂ ಕಾಯಿಲೆಯೇ?
— ಓದುಗರು, ಸಕಲೇಶಪುರ

ಗಾಬರಿ ಬೇಡ, ಅದು ವಿಕಿರಣದ ಲೆಕ್ಕ. ಕೈಗಾದ ಈಗಿನ ನಾಲ್ಕು ಘಟಕಗಳು ಭಾರಜಲ ಬಳಸುವ 220 ಮೆಗಾವ್ಯಾಟಿನವು. ಭಾರಜಲದಲ್ಲಿರುವ ಡ್ಯುಟೀರಿಯಂ (ಭಾರವಾದ ಹೈಡ್ರೋಜನ್) ನ್ಯೂಟ್ರಾನ್ ಹೀರಿ ವಿಕಿರಣ ಸೂಸುವ ಟ್ರೀಷಿಯಂ ಆಗುತ್ತದೆ. ಟ್ರೀಷಿಯಂ ಸೂಸುವ ಬೀಟಾ ಕಿರಣ ತೀರಾ ದುರ್ಬಲ, ಚರ್ಮದ ಮೇಲ್ಪದರವನ್ನೂ ದಾಟಲಾರದು. ಹೊರಗಿನಿಂದ ಬೀಳುವ ವಿಕಿರಣ ಅಳೆಯಲು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜೂ ಅದನ್ನು ಹಿಡಿಯುವುದಿಲ್ಲ. ಆದರೆ ಆವಿಯ ರೂಪದಲ್ಲಿ ಉಸಿರಿನಿಂದ, ಚರ್ಮದಿಂದ ಒಳಹೋಗಿ ಮೈಯ ನೀರಿನಲ್ಲೆಲ್ಲ ಬೆರೆತುಬಿಡುತ್ತದೆ. ಅದಕ್ಕೇ ಮೂತ್ರದಲ್ಲಿ ಅಳೆಯುವುದು. ಟ್ರೀಷಿಯಂನ ಅರ್ಧಾಯುಷ್ಯ (ತಾನಾಗಿ ಕ್ಷಯಿಸಿ ಅರ್ಧವಾಗುವ ಕಾಲ) 12.3 ವರ್ಷವಾದರೂ ಮೈಯಿಂದ ಅರ್ಧದಷ್ಟು ಹೊರಹೋಗಲು ಸುಮಾರು 10 ದಿನ ಸಾಕು. ನೀರು ಹೆಚ್ಚು ಕುಡಿದರೆ ಇನ್ನೂ ಬೇಗ.

ಕೆಲಸ ಮುಗಿದ ತಕ್ಷಣ ಮಾದರಿ ಕೊಟ್ಟರೆ ಅದರಲ್ಲಿ ಹಳೆಯ ಮೂತ್ರವೇ ಹೆಚ್ಚಿದ್ದು ಅಂಕಿ ಕಡಿಮೆ ಬರುತ್ತದೆ. ಮೊದಲು ಮೂತ್ರಕೋಶ ಖಾಲಿ ಮಾಡಿ, ಎರಡು ಗಂಟೆಯಾದರೂ ಬಿಟ್ಟು ಕೊಡಬೇಕು. ಕೈ ತೊಳೆಯದೆ ಬಾಟಲಿ ಮುಟ್ಟಿದರೆ ಅಂಕಿ ಸುಳ್ಳಾಗಿ ಏರುತ್ತದೆ. ಹೊರಗಿನ ಮತ್ತು ಒಳಗಿನ ವಿಕಿರಣ ಡೋಸ್ ಎರಡೂ ಕೂಡಿ ಐದು ವರ್ಷದಲ್ಲಿ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ (ವಿಕಿರಣ ಡೋಸಿನ ಅಳತೆ) ಮೀರಬಾರದು, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. 2004ರ ವಿಕಿರಣ ರಕ್ಷಣಾ ನಿಯಮಗಳ ಪ್ರಕಾರ ವಿಕಿರಣ ಕೆಲಸಗಾರರಿಗೆ ಕನಿಷ್ಠ 3 ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು. ಮಿತಿ ಮೀರಿ ಡೋಸ್ ಪಡೆದವರಿಗೆ ವಿಶೇಷ ಪರೀಕ್ಷೆಗಳಿವೆ.

ನೆಗಡಿ ಮಾತ್ರೆ ತೆಗೆದುಕೊಂಡು ಪಾಳಿಗೆ ಹೋಗಬಹುದೇ? ನನಗೆ ಗೊರಕೆಯೂ ಜೋರು.
— ಓದುಗರು, ಬೇಲೂರು

ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆ ತೂಕಡಿಕೆ ತರುತ್ತದೆ. ಸೆಟಿರಿಜಿನ್ ಕೂಡ ಕೆಲವರಿಗೆ. ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಮಾದಕವಸ್ತು ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ಅಂಗಡಿಯಿಂದ ತಂದ ಮಾತ್ರೆಯಾದರೂ ವೈದ್ಯಾಧಿಕಾರಿಗೆ ತೋರಿಸಿಯೇ ನುಂಗಿ.

ಗೊರಕೆಯನ್ನು ಹಗುರವಾಗಿ ನೋಡಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ಮನೆಯವರನ್ನು ಕೇಳಿ. ಕಟ್ಟುತ್ತಿದ್ದರೆ ನಿದ್ರಾ ಪರೀಕ್ಷೆ ಮಾಡಿಸಬೇಕು. ಗಂಟೆಗೆ 15ಕ್ಕಿಂತ ಹೆಚ್ಚು ಸಲ ಉಸಿರಾಟಕ್ಕೆ ತಡೆಯಾದರೆ ಮಧ್ಯಮ, 30 ಮೀರಿದರೆ ತೀವ್ರ. ಮಲಗಿದಾಗ ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಿ ಕೊಡುವ ಸಿಪ್ಯಾಪ್ ಯಂತ್ರ ಬಳಸಿದರೆ ಹಗಲಿನ ತೂಕಡಿಕೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಹಗಲು ಹೊತ್ತು ಮಲಗಿದಾಗಲೂ ಅದನ್ನು ಹಾಕಿಕೊಳ್ಳಬೇಕು. ರಾತ್ರಿ ಪಾಳಿಯವರು ಮರೆಯುವುದು ಅದನ್ನೇ.

ಗಡ್ಡ, ಕನ್ನಡಕ ಇದ್ದರೆ ತೊಂದರೆಯೇ?
— ವಿದ್ಯಾರ್ಥಿ, ಹೊಳೆನರಸೀಪುರ

ಕನ್ನಡಕ ತೊಂದರೆಯಲ್ಲ, ಲೈಸೆನ್ಸಿಗೆ ‘ಕನ್ನಡಕ ಕಡ್ಡಾಯ’ ಎಂಬ ಷರತ್ತು ಸೇರಬಹುದು ಅಷ್ಟೆ. ಆದರೆ ಅದರ ಕಡ್ಡಿ, ಉಸಿರಿನ ರಕ್ಷಣೆಗೆ ಹಾಕುವ ಪೂರ್ಣಮುಖದ ಮಾಸ್ಕಿನ ಅಂಚಿನಡಿ ತೂರಿದರೆ ಅಲ್ಲಿಂದ ಗಾಳಿ ಸೋರುತ್ತದೆ. ಮಾಸ್ಕಿನೊಳಗೇ ಕೂರಿಸುವ ಕಡ್ಡಿಯಿಲ್ಲದ ಕನ್ನಡಕ ಮಾಡಿಸಿಕೊಳ್ಳಬೇಕು. ಮಾಸ್ಕಿನ ಅಂಚು ಕೂರುವ ಜಾಗದಲ್ಲಿ ಗಡ್ಡವಿರಬಾರದು, ಒಂದೆರಡು ದಿನದ ಮೊಳಕೆ ಕೂಡ ಸೋರಿಕೆಗೆ ಸಾಕು. ಅಂಚಿನ ಒಳಗೆ ಉಳಿಯುವ ಮೀಸೆ ಇಟ್ಟುಕೊಳ್ಳಬಹುದು.