ಮನೆಯ ವಿಡಿಯೊ ಡಿವಿಡಿಗಳ ನಕಲು ಪ್ಲೇಯರಿನಲ್ಲೂ ಓಡಬೇಕಾದರೆ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಮನೆಯವರನ್ನು ಚಿತ್ರೀಕರಿಸಿದ ಇಪ್ಪತ್ತರಷ್ಟು ಡಿವಿಡಿಗಳು ನಿಮ್ಮಲ್ಲಿವೆ. ಅವುಗಳ ಒಳಗಿನ ಫೋಲ್ಡರನ್ನು ಕಂಪ್ಯೂಟರಿಗೆ ಎಳೆದುಕೊಂಡು ಹೊಸ ಡಿಸ್ಕಿಗೆ ಬರೆದರೆ ಆ ನಕಲು ಕಂಪ್ಯೂಟರಿನಲ್ಲಿ ತೆರೆಯುತ್ತದೆ, ಆದರೆ ಟಿವಿಗೆ ಜೋಡಿಸಿದ ಪ್ಲೇಯರಿನಲ್ಲಿ ಓಡುವುದಿಲ್ಲ. ಒಂದು ಡಿಸ್ಕ್ ಅರ್ಧಕ್ಕೆ ಬಂದು ನಿಂತುಬಿಡುತ್ತದೆ, ಹಳೆಯ ಕ್ಯಾಮ್‌ಕಾರ್ಡರಿನ ಎರಡು ಪುಟ್ಟ ಡಿಸ್ಕ್‌ಗಳು ಖಾಲಿ ಎಂದು ತೋರಿಸುತ್ತವೆ. ಇವು ಮೂರು ಬೇರೆ ಬೇರೆ ತೊಂದರೆಗಳಾದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿದ ಮೇಲೆ ಕೆಲಸಕ್ಕೆ ಕೈ ಹಾಕಿ.

ಮೊದಲು ಪುಟ್ಟ ಡಿಸ್ಕ್‌ಗಳ ಮಾತು, ಏಕೆಂದರೆ ಅಲ್ಲಿ ಒಮ್ಮೆ ತಪ್ಪಿದರೆ ತಿದ್ದಿಕೊಳ್ಳುವ ದಾರಿ ಬಹುಮಟ್ಟಿಗೆ ಇರುವುದಿಲ್ಲ. ಅವು ಖಾಲಿಯಾಗಿಲ್ಲದಿರುವ ಸಾಧ್ಯತೆಯೇ ಹೆಚ್ಚು; ಅವುಗಳನ್ನು ಫೈನಲೈಸ್ ಮಾಡದೆ ಬಿಟ್ಟಿರಬೇಕು. ಕ್ಯಾಮ್‌ಕಾರ್ಡರ್ ಚಿತ್ರಗಳನ್ನು ಡಿಸ್ಕಿಗೆ ಬರೆದಿರುತ್ತದೆ, ಆದರೆ ಯಾವುದು ಎಲ್ಲಿದೆ ಎಂಬ ವಿಷಯಸೂಚಿಯನ್ನು ಮುಗಿಸಿ ಡಿಸ್ಕನ್ನು ಮುಚ್ಚುವ ಕೊನೆಯ ಕೆಲಸ ಆಗಿರುವುದಿಲ್ಲ, ಹಾಗಾಗಿ ಬೇರೆ ಯಂತ್ರಗಳಿಗೆ ಅದು ಖಾಲಿಯಾಗಿ ಕಾಣುತ್ತದೆ. ಅಂತಹ ಡಿಸ್ಕನ್ನು ಹಾಕಿದಾಗ ಕಂಪ್ಯೂಟರ್ 'ಫಾರ್ಮ್ಯಾಟ್ ಮಾಡಲೇ' ಎಂದು ಕೇಳಿದರೆ ಯಾವ ಕಾರಣಕ್ಕೂ ಒಪ್ಪಬೇಡಿ. ಕೆಲವು ವರ್ಷಗಳ ಹಿಂದೆ ಮತ್ತೆ ಮತ್ತೆ ಬರೆಯಬಹುದಾದ ಒಂದು ಆರ್‌ಡಬ್ಲ್ಯೂ ಡಿಸ್ಕನ್ನು ಹಾಕಿದ್ದ ನಾನು, ತೆರೆಯಲು ಅದು ಅಗತ್ಯವಿರಬಹುದೆಂದು ಭಾವಿಸಿ ಒಪ್ಪಿಗೆ ಕೊಟ್ಟೆ. ನಮ್ಮ ಅಜ್ಜಿಯ ದನಿ ಇದ್ದ ಒಂದೇ ಒಂದು ಚಿತ್ರಿಕೆ ಅದರಲ್ಲಿತ್ತು, ಮತ್ತೆ ಸಿಗಲಿಲ್ಲ. ಆ ಎರಡು ಡಿಸ್ಕ್‌ಗಳನ್ನು ಈಗಲೇ ಡ್ರೈವಿನಿಂದ ತೆಗೆದು ಪಕ್ಕಕ್ಕಿಡಿ; ಅವುಗಳ ಬಗ್ಗೆ ಮುಂದೆ ಹೇಳುತ್ತೇನೆ.

ಇನ್ನು ನಿಮ್ಮ ನಕಲು ಪ್ಲೇಯರಿನಲ್ಲಿ ಏಕೆ ಓಡುವುದಿಲ್ಲ ಎಂಬುದು. ಡಿವಿಡಿ ವಿಡಿಯೊ ಎಂದರೆ ಕೇವಲ ಒಂದು ಫೋಲ್ಡರ್ ಅಲ್ಲ. ವಿಡಿಯೊ ಟಿಎಸ್ ಎಂಬ ಆ ಫೋಲ್ಡರಿನಲ್ಲಿ ಚಿತ್ರ ಮತ್ತು ಧ್ವನಿ ಇರುವ ವಿಓಬಿ ಫೈಲ್‌ಗಳು, ಯಾವ ದೃಶ್ಯ ಎಲ್ಲಿ ಆರಂಭವಾಗುತ್ತದೆಂದು ಹೇಳುವ ಐಎಫ್‌ಓ ಫೈಲ್‌ಗಳು, ಅವುಗಳ ಮೀಸಲು ಪ್ರತಿಗಳಾದ ಬಿಯುಪಿ ಫೈಲ್‌ಗಳು ಇರುತ್ತವೆ. ಐಎಫ್‌ಓ ಫೈಲು ಸ್ಥಳವನ್ನು ಹೇಳುವುದು ಫೈಲಿನ ಹೆಸರಿನಿಂದಲ್ಲ, ಸೆಕ್ಟರಿನ ಲೆಕ್ಕದಿಂದ. ಡಿವಿಡಿಯ ಒಂದು ಸೆಕ್ಟರ್ ಎಂದರೆ 2,048 ಬೈಟ್. 'ಇಲ್ಲಿಂದ ಇಷ್ಟು ಸೆಕ್ಟರ್ ದಾಟಿದರೆ ಚಿತ್ರ ಸಿಗುತ್ತದೆ' ಎಂಬುದು ಅದರ ಭಾಷೆ. ಕಂಪ್ಯೂಟರ್ ಹೆಸರು ನೋಡಿ ಫೈಲನ್ನು ಹುಡುಕಿಕೊಳ್ಳುತ್ತದೆ, ಪ್ಲೇಯರ್ ಸೆಕ್ಟರನ್ನು ಎಣಿಸಿಕೊಂಡು ಹೋಗುತ್ತದೆ. ಫೈಲ್‌ಗಳು ನಿಗದಿತ ಕ್ರಮದಲ್ಲಿ ಒಂದರ ಹಿಂದೆ ಒಂದು ಕೂರದಿದ್ದರೆ ಅದರ ಎಣಿಕೆ ತಪ್ಪುತ್ತದೆ. ಇದರ ಜೊತೆಗೆ, ವಿಂಡೋಸ್‌ನಲ್ಲಿ ಖಾಲಿ ಡಿಸ್ಕ್ ಹಾಕಿದಾಗ 'ಯುಎಸ್‌ಬಿ ಡ್ರೈವಿನಂತೆ ಬಳಸಿ' ಎಂಬ ಆಯ್ಕೆಯನ್ನು ಒತ್ತಿದ್ದರೆ, ಡಿಸ್ಕಿನ ಮೇಲೆ ಮೂಡುವ ಫೈಲ್ ವ್ಯವಸ್ಥೆಯೇ ಬೇರೆಯಾಗುತ್ತದೆ. ಡಿವಿಡಿ ವಿಡಿಯೊಗೆ ಬೇಕಾದದ್ದು ಯುಡಿಎಫ್ 1.02, ಆ ಆಯ್ಕೆ ಕೊಡುವುದು ಅದಕ್ಕಿಂತ ಹೊಸ ಆವೃತ್ತಿಯನ್ನು. ನಿಮ್ಮ ಪ್ಲೇಯರಿನಲ್ಲಿ ದೋಷವಿಲ್ಲ, ಅದಕ್ಕೆ ಓದಲು ಬರುವ ಲಿಪಿಯಲ್ಲಿ ಡಿಸ್ಕ್ ಬರೆದಿಲ್ಲ ಅಷ್ಟೆ.

ಆದ್ದರಿಂದ ನನ್ನ ಸಲಹೆಯ ತಿರುಳು ಇಷ್ಟು: ಫೈಲ್‌ಗಳನ್ನು ನಕಲು ಮಾಡಬೇಡಿ, ಇಡೀ ಡಿಸ್ಕನ್ನು ಸೆಕ್ಟರಿಗೆ ಸೆಕ್ಟರ್ ಓದಿ ಒಂದು ಐಎಸ್‌ಓ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಾದ ಒಂದೇ ಫೈಲ್, ಆಗಿ ಕಂಪ್ಯೂಟರಿನಲ್ಲಿ ಇಳಿಸಿಕೊಳ್ಳಿ, ಮುಂದಿನ ಎಲ್ಲ ನಕಲುಗಳೂ ಆ ಇಮೇಜಿನಿಂದಲೇ ಆಗಲಿ, ಮೂಲ ಡಿಸ್ಕನ್ನು ಮತ್ತೆ ತಿರುಗಿಸುವ ಪ್ರಮೇಯವೇ ಬರದಿರಲಿ. ವಿಂಡೋಸ್‌ನಲ್ಲಿ ಇಮ್ಗ್‌ಬರ್ನ್ ಎಂಬ ಉಚಿತ ತಂತ್ರಾಂಶದಲ್ಲಿ 'ಡಿಸ್ಕಿನಿಂದ ಇಮೇಜ್ ಫೈಲ್ ರಚಿಸು' ಎಂಬ ಆಯ್ಕೆ ಇದೆ. ಲಿನಕ್ಸ್‌ನಲ್ಲಿ ಕೆತ್ರೀಬಿ ಇದೇ ಕೆಲಸವನ್ನು ಮಾಡುತ್ತದೆ. ಮ್ಯಾಕ್‌ನಲ್ಲಿ ಡಿಸ್ಕ್ ಯುಟಿಲಿಟಿಯಿಂದ ಡಿವಿಡಿ ಮಾಸ್ಟರ್ ರೂಪದಲ್ಲಿ ಇಮೇಜ್ ತೆಗೆಯಬಹುದು. ಇಮೇಜ್ ಸಿದ್ಧವಾದ ಮೇಲೆ ಅದನ್ನು ವಿಡಿಯೊ ತೋರಿಸುವ ವಿಎಲ್‌ಸಿ ಎಂಬ ತಂತ್ರಾಂಶದಲ್ಲಿ ನೇರವಾಗಿ ತೆರೆದು, ಮೆನು ಬರುತ್ತದೆಯೇ, ಆರಂಭ, ನಡು, ಕೊನೆ ಮೂರೂ ಕಡೆ ಚಿತ್ರ ಮತ್ತು ಧ್ವನಿ ಸರಿಯಾಗಿವೆಯೇ ಎಂದು ನೋಡಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಡಿಸ್ಕ್‌ಗಳಲ್ಲಿ ನಕಲು ತಡೆಯುವ ಬೀಗ ಇರುವುದಿಲ್ಲವಾದ್ದರಿಂದ ಬೇರೆ ಯಾವ ಸಾಧನವೂ ಬೇಕಾಗುವುದಿಲ್ಲ. ಮೂಲ ಡಿಸ್ಕಿನ ಮೇಲೆ ಯಾರಾದರೂ ಕೈಬರಹದಲ್ಲಿ ದಿನಾಂಕ, ಹೆಸರುಗಳನ್ನು ಬರೆದಿದ್ದರೆ ಅದರ ಫೋಟೊ ತೆಗೆದು ಇಮೇಜಿನ ಜೊತೆಯಲ್ಲೇ ಇಡಿ. ಹತ್ತು ವರ್ಷದ ನಂತರ ಯಾವ ಡಿಸ್ಕ್ ಯಾವುದೆಂದು ಹೇಳುವುದು ಅದೊಂದೇ ಆಗಿರಬಹುದು.

ಇಮೇಜನ್ನು ಡಿಸ್ಕಿಗೆ ಬರೆಯುವಾಗ ಒಂದು ಸಣ್ಣ ಲೆಕ್ಕ ಗಮನದಲ್ಲಿರಲಿ. ಒಂದು ಪದರದ ಡಿಸ್ಕಿನ ಸಾಮರ್ಥ್ಯ 4.7 ಜಿಬಿ ಎಂದು ಬರೆದಿದ್ದರೂ ಕಂಪ್ಯೂಟರ್ ಅದನ್ನು ಸುಮಾರು 4.37 ಎಂದು ತೋರಿಸುತ್ತದೆ; ಸಾವಿರದ ಲೆಕ್ಕ ಮತ್ತು 1,024ರ ಲೆಕ್ಕದ ವ್ಯತ್ಯಾಸವೇ ಅದಕ್ಕೆ ಕಾರಣ. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್‌ಗಳಲ್ಲಿ ಎರಡು ಬಗೆ: ಡಿವಿಡಿ ಮೈನಸ್ ಆರ್‌ನಲ್ಲಿ 22,98,496 ಸೆಕ್ಟರ್‌ಗಳಿದ್ದರೆ ಡಿವಿಡಿ ಪ್ಲಸ್ ಆರ್‌ನಲ್ಲಿ 22,95,104 ಮಾತ್ರ ಇವೆ. ತುದಿಯವರೆಗೆ ತುಂಬಿದ ಮೈನಸ್ ಡಿಸ್ಕಿನ ಇಮೇಜ್ ಪ್ಲಸ್ ಡಿಸ್ಕಿನಲ್ಲಿ ಹಿಡಿಸದೆ ಹೋಗಬಹುದು, ಆಗ ತಂತ್ರಾಂಶ ಕೆಟ್ಟಿದೆಯೆಂದು ಗಾಬರಿಯಾಗಬೇಡಿ. ಹಳೆಯ ಪ್ಲೇಯರ್‌ಗಳು ಸಾಮಾನ್ಯವಾಗಿ ಮೈನಸ್ ಆರ್ ಡಿಸ್ಕನ್ನೇ ಸುಲಭವಾಗಿ ಓದುತ್ತವೆ, ಆದ್ದರಿಂದ ನಾನು ಅದನ್ನೇ ಆರಿಸುತ್ತೇನೆ. ಪ್ಲಸ್ ಆರ್ ಮಾತ್ರ ಸಿಕ್ಕಿದರೆ, ಡ್ರೈವಿಗೆ ಆ ಸೌಲಭ್ಯವಿದ್ದಲ್ಲಿ, ಬರೆಯುವ ಮುನ್ನ ಡಿಸ್ಕ್ ಯಾವ ಬಗೆಯದೆಂದು ಪ್ಲೇಯರಿಗೆ ಹೇಳುವ ಬುಕ್‌ಟೈಪ್ ಎಂಬ ಗುರುತನ್ನು ಡಿವಿಡಿ ರೋಮ್ (DVD-ROM) ಎಂದು ಬದಲಿಸಿಕೊಳ್ಳಿ. ಅನೇಕ ಪ್ಲೇಯರ್‌ಗಳು ಅದನ್ನು ಅಚ್ಚಾದ ಡಿಸ್ಕೆಂದೇ ತಿಳಿದು ಓದುತ್ತವೆ. ಎರಡು ಪದರದ 8.5 ಜಿಬಿ ಡಿಸ್ಕ್‌ಗಳು ಮನೆಯ ಚಿತ್ರಿಕೆಗಳಿಗೆ ವಿರಳವಾಗಿ ಬೇಕಾಗುತ್ತವೆ. ಆರ್‌ಡಬ್ಲ್ಯೂ ಡಿಸ್ಕ್ ಬೇಡ. ಅದು ಬೆಳಕನ್ನು ಕಡಿಮೆ ಪ್ರತಿಫಲಿಸುವುದರಿಂದ ಕೆಲವು ಪ್ಲೇಯರ್‌ಗಳಿಗೆ ಓದಲು ಕಷ್ಟವಾಗುತ್ತದೆ.

ಬರೆಯುವ ವೇಗದ ಬಗ್ಗೆ ಇದೇ ಗುಂಪಿನಲ್ಲಿ 'ಎಷ್ಟು ನಿಧಾನವೋ ಅಷ್ಟು ಒಳ್ಳೆಯದು' ಎಂದು ಒಬ್ಬರು ಹೇಳಿದ್ದಾರೆ. ಅದು ಪೂರ್ತಿ ಸರಿಯಲ್ಲ. 16ಎಕ್ಸ್‌ಗೆ, ಅಂದರೆ ಮೂಲ ವೇಗದ 16 ಪಟ್ಟಿಗೆ, ತಯಾರಾದ ಡಿಸ್ಕಿನ ಬಣ್ಣದ ಪದರವನ್ನು ಆ ವೇಗದ ಲೇಸರಿಗೆ ಹೊಂದುವಂತೆ ಮಾಡಿರುತ್ತಾರೆ. ತೀರಾ ಕಡಿಮೆ ವೇಗದಲ್ಲಿ ಬರೆದರೆ ಕೆಲವೊಮ್ಮೆ ತಪ್ಪುಗಳು ಹೆಚ್ಚುತ್ತವೆ. ನಾನು 8ಎಕ್ಸ್‌ನಲ್ಲಿ ಬರೆಯುತ್ತೇನೆ, ಅದು ತೃಪ್ತಿಕರವಾಗಿಲ್ಲವೆಂದು ಕಂಡರೆ ಮಾತ್ರ 4ಎಕ್ಸ್‌ಗೆ ಇಳಿಯುತ್ತೇನೆ. ವೇಗಕ್ಕಿಂತ ಮುಖ್ಯವಾದದ್ದು ಬರೆದ ನಂತರದ ಪರಿಶೀಲನೆ. 'ವೆರಿಫೈ' ಎಂಬ ಗುರುತನ್ನು ಹಾಕಿದ್ದರೆ ತಂತ್ರಾಂಶ ಹೊಸ ಡಿಸ್ಕನ್ನು ಮರಳಿ ಓದಿ ಇಮೇಜಿನೊಂದಿಗೆ ತಾಳೆ ನೋಡುತ್ತದೆ. ಹಿಡಿಯುವ ಆ ಕೆಲವು ನಿಮಿಷಗಳನ್ನು ಉಳಿಸಲು ಹೋಗಬೇಡಿ. ಡಿಸ್ಕಿನ ಮೇಲೆ ಅಂಟಿಸುವ ಕಾಗದದ ಲೇಬಲ್ ಬಳಸಬೇಡಿ, ಅದು ತಿರುಗುವಾಗ ಸಮತೋಲ ತಪ್ಪಿಸುತ್ತದೆ, ಒಣಗಿದಾಗ ಡಿಸ್ಕನ್ನು ಬಾಗಿಸುತ್ತದೆ. ನೀರು ಆಧಾರಿತ ಶಾಯಿಯ ಮಾರ್ಕರಿನಿಂದ ಬರೆದರೆ ಸಾಕು.

ಅರ್ಧಕ್ಕೆ ನಿಲ್ಲುವ ಡಿಸ್ಕಿನ ವಿಷಯದಲ್ಲಿ ತಾಳ್ಮೆ ಬೇಕು. ಡಿವಿಡಿಯ ದತ್ತಾಂಶದ ಪದರ ತಲಾ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ. ಹಾಗಾಗಿ ಕೆಳಬದಿಯ ಗೀರು ಹೆಚ್ಚಾಗಿ ಲೇಸರಿನ ದಾರಿಗೆ ಅಡ್ಡ ಬರುತ್ತದೆಯೇ ಹೊರತು ದತ್ತಾಂಶವನ್ನೇ ಅಳಿಸಿರುವುದಿಲ್ಲ. ಮೊದಲು ಮೆತ್ತನೆಯ, ನಾರು ಬಿಡದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಾಗಿ ಒರೆಸಿದರೆ ಮೂಡುವ ಗೀರು ಸುರುಳಿಯ ಉದ್ದಕ್ಕೂ ಸಾಗಿ, ದೋಷ ತಿದ್ದುವ ವ್ಯವಸ್ಥೆಗೆ ನಿಭಾಯಿಸಲಾಗದಷ್ಟು ದತ್ತಾಂಶವನ್ನು ಒಂದೇ ಕಡೆ ಮುಚ್ಚುತ್ತದೆ. ಆಮೇಲೆ ಸಾಮಾನ್ಯ ತಂತ್ರಾಂಶದ ಬದಲು, ಕೆಟ್ಟ ಡಿಸ್ಕಿನಿಂದ ದತ್ತಾಂಶ ಎತ್ತುವ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ತಂತ್ರಾಂಶವನ್ನು ಬಳಸಿ, ಸೆಕ್ಟರ್ ಗಾತ್ರವನ್ನು 2,048 ಎಂದು ಕೊಡಿ. ಅದು ಸುಲಭವಾಗಿ ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಓದಲಾಗದ ಜಾಗಗಳನ್ನು ಮ್ಯಾಪ್ ಫೈಲಿನಲ್ಲಿ ಗುರುತಿಸಿಟ್ಟು, ನಂತರ ಅಷ್ಟಕ್ಕೇ ಮರಳಿ ಪ್ರಯತ್ನಿಸುತ್ತದೆ. ಇದರ ನಿಜವಾದ ಉಪಯೋಗ ಇರುವುದು ಡ್ರೈವ್ ಬದಲಿಸುವುದರಲ್ಲಿ: ಒಂದು ಡ್ರೈವ್ ಓದಲಾರದ ಸೆಕ್ಟರನ್ನು ಇನ್ನೊಂದು ಓದುವುದುಂಟು, ಅದೇ ಇಮೇಜನ್ನೂ ಅದೇ ಮ್ಯಾಪ್ ಫೈಲನ್ನೂ ಕೊಟ್ಟರೆ ಉಳಿದ ರಂಧ್ರಗಳನ್ನು ಮಾತ್ರ ಅದು ತುಂಬುತ್ತದೆ. ನನ್ನದೊಂದು ಡಿಸ್ಕ್ ಮೂರನೆಯ ಡ್ರೈವಿನಲ್ಲಿ ಪೂರ್ಣಗೊಂಡಿತು. ಕೊನೆಗೂ ಕೆಲವು ಸೆಕ್ಟರ್‌ಗಳು ಉಳಿದರೆ ಆ ಜಾಗದಲ್ಲಿ ಚಿತ್ರ ಕ್ಷಣಕಾಲ ಚೌಕಚೌಕವಾಗಿ ಒಡೆದು ಮುಂದುವರಿಯುತ್ತದೆ, ಅದನ್ನು ಒಪ್ಪಿಕೊಳ್ಳಬಹುದು. ಗೀರು ಹೊಳಪು ಮಾಡುವ ಯಂತ್ರಕ್ಕೆ ಕೊಡುವುದು ಇದೆಲ್ಲ ಆದ ಮೇಲಿನ ಮಾತು.

ಈಗ ಪುಟ್ಟ ಡಿಸ್ಕ್‌ಗಳಿಗೆ ಮರಳೋಣ. ಅವು 8 ಸೆಂಟಿಮೀಟರಿನವು, ಸುಮಾರು 1.4 ಜಿಬಿ ಹಿಡಿಯುತ್ತವೆ. ತಟ್ಟೆ ಹೊರಬರುವ ಡ್ರೈವಿನ ಒಳಗುಳಿಯಲ್ಲಿ ಇಟ್ಟು ಓದಬೇಕು. ಸೀಳಿನೊಳಗೆ ತೂರಿಸುವ ಡ್ರೈವಿನಲ್ಲಿ ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತದೆ. ಆ ಕ್ಯಾಮ್‌ಕಾರ್ಡರ್ ಇನ್ನೂ ಚಾಲೂ ಇದ್ದರೆ, ಬ್ಯಾಟರಿಯನ್ನು ನಂಬದೆ ಅಡಾಪ್ಟರಿನಿಂದ ವಿದ್ಯುತ್ ಕೊಟ್ಟು, ಅದರ ಮೆನುವಿನಲ್ಲೇ ಫೈನಲೈಸ್ ಮಾಡಿ. ನಡುವೆ ವಿದ್ಯುತ್ ಹೋದರೆ ಡಿಸ್ಕ್ ಕೆಡಬಹುದು. ಯಂತ್ರ ಕೈಯಲ್ಲಿ ಇಲ್ಲದಿದ್ದರೆ ಐಸೊಬಸ್ಟರ್ ಎಂಬ ತಂತ್ರಾಂಶ ಫೈನಲೈಸ್ ಆಗದ ಡಿಸ್ಕಿನಲ್ಲೂ ಚಿತ್ರಿಕೆಗಳನ್ನು ಹುಡುಕಿ ತೋರಿಸುತ್ತದೆ. ಆರ್‌ಡಬ್ಲ್ಯೂ ಡಿಸ್ಕಿನಲ್ಲಿ ವಿಆರ್ (ವಿಡಿಯೊ ರೆಕಾರ್ಡಿಂಗ್) ಎಂಬ ಬೇರೆ ವಿಧಾನದಲ್ಲಿ ರೆಕಾರ್ಡ್ ಆಗಿದ್ದರೆ ವಿಡಿಯೊ ಟಿಎಸ್ ಫೋಲ್ಡರಿನ ಬದಲು ಒಂದು ದೊಡ್ಡ ವಿಆರ್‌ಓ ಫೈಲ್ ಸಿಗುತ್ತದೆ. ಅದರೊಳಗಿರುವುದು ಎಂಪೆಗ್ 2 ಚಿತ್ರವೇ. ವಿಎಲ್‌ಸಿ ಅದನ್ನು ತೋರಿಸುತ್ತದೆ. ಪ್ಲೇಯರಿನಲ್ಲಿ ಓಡುವ ಡಿಸ್ಕ್ ಬೇಕಾದರೆ ಡಿವಿಡಿಸ್ಟೈಲರ್‌ನಂತಹ ತಂತ್ರಾಂಶದಲ್ಲಿ ಅದನ್ನು ಡಿವಿಡಿ ವಿಡಿಯೊ ರೂಪಕ್ಕೆ ಜೋಡಿಸಿ ಹೊಸದಾಗಿ ಬರೆಯಬೇಕು.

ಎಲ್ಲವನ್ನೂ ಎಂಪಿ4 ಮಾಡಿ ಡಿಸ್ಕ್‌ಗಳನ್ನು ಎಸೆದುಬಿಡಿ ಎಂದು ಇನ್ನೊಬ್ಬರು ಸೂಚಿಸಿದ್ದಾರೆ. ಟಿವಿಯ ಯುಎಸ್‌ಬಿಯಲ್ಲಿ, ಫೋನಿನಲ್ಲಿ ನೋಡಲು ಎಂಪಿ4 ಅನುಕೂಲ ಎಂಬುದು ನಿಜ, ಆದರೆ ಅದು ಮೂಲದ ಸ್ಥಾನವನ್ನು ತುಂಬಲಾರದು, ಏಕೆಂದರೆ ಮರುಸಂಕೋಚನ ಮಾಡಿದಾಗಲೆಲ್ಲ ಚಿತ್ರದ ವಿವರ ಸ್ವಲ್ಪ ಹೋಗುತ್ತದೆ, ಹೋದದ್ದು ಮರಳುವುದಿಲ್ಲ. ಗುಣಮಟ್ಟ ಸ್ವಲ್ಪವೂ ಕುಂದದ ಫೈಲ್ ಬೇಕಾದರೆ ಮೇಕ್‌ಎಂಕೆವಿ ಬಳಸಿ; ಅದು ಚಿತ್ರ ಮತ್ತು ಧ್ವನಿಯನ್ನು ಇದ್ದ ಹಾಗೆಯೇ ಎಂಕೆವಿ ಎಂಬ ಬೇರೆ ಪೆಟ್ಟಿಗೆಗೆ ವರ್ಗಾಯಿಸುತ್ತದೆ. ಎಂಪಿ4 ಬೇಕೆಂದಾದರೆ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಎರಡು ವಿಷಯ ಗಮನಿಸಿ. ಕ್ಯಾಮ್‌ಕಾರ್ಡರಿನ ಚಿತ್ರ ಸಾಮಾನ್ಯವಾಗಿ ಇಂಟರ್‌ಲೇಸ್ ಆಗಿರುತ್ತದೆ, ಅಂದರೆ ಸರಿ ಗೆರೆಗಳೂ ಬೆಸ ಗೆರೆಗಳೂ ಬೇರೆ ಬೇರೆ ಕ್ಷಣಗಳಲ್ಲಿ ಹಿಡಿದವು; ಡಿಇಂಟರ್‌ಲೇಸ್ ಆಯ್ಕೆಯನ್ನು ಬಿಟ್ಟರೆ ಓಡಾಡುವ ಮಕ್ಕಳ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತಹ ಗೆರೆಗಳು ಶಾಶ್ವತವಾಗಿ ಉಳಿಯುತ್ತವೆ. ಎರಡನೆಯದಾಗಿ, ಟಿವಿ ಚಿತ್ರದ ಎರಡು ಮಾನಕಗಳಲ್ಲಿ ಪ್ಯಾಲ್ ಡಿವಿಡಿಯ ಚಿತ್ರ 720 ಗುಣಿಸು 576 ಪಿಕ್ಸೆಲ್, ಎನ್‌ಟಿಎಸ್‌ಸಿಯದು 720 ಗುಣಿಸು 480. ಎರಡರಲ್ಲೂ ಪಿಕ್ಸೆಲ್‌ಗಳು ಚೌಕವಲ್ಲ. ತೋರಿಸುವ ಅನುಪಾತ 4:3 ಅಥವಾ 16:9 ಎಂಬುದನ್ನು ಮೂಲದಂತೆಯೇ ಉಳಿಸದಿದ್ದರೆ ಮನೆಯವರ ಮುಖಗಳು ಎಳೆದಂತೆ ಕಾಣುತ್ತವೆ. ಫೈಲನ್ನು ಹಾಕುವ ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಕೂರುವುದಿಲ್ಲ ಎಂಬುದೂ ನೆನಪಿರಲಿ.

ಇಪ್ಪತ್ತು ಡಿಸ್ಕ್‌ಗಳ ಇಮೇಜ್‌ಗಳು ಒಟ್ಟು 100 ಜಿಬಿಯೊಳಗೆ ಮುಗಿಯುತ್ತವೆ. ಅವುಗಳನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟು, ಒಂದನ್ನು ಬೇರೆ ಮನೆಯಲ್ಲಿರುವ ಸಂಬಂಧಿಕರ ಬಳಿ ಬಿಡಿ. ಪ್ರತಿ ಇಮೇಜಿನ ಶಾ-256 ಮೊತ್ತವನ್ನು, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಬೆರಳಚ್ಚಿನಂತಹ ಸಂಖ್ಯೆಯನ್ನು, ಒಂದು ಪಠ್ಯ ಫೈಲಿನಲ್ಲಿ ಬರೆದಿಟ್ಟರೆ, ಮುಂದೆ ಯಾವಾಗ ಬೇಕಾದರೂ ಫೈಲು ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು. ಮೂಲ ಡಿಸ್ಕ್‌ಗಳನ್ನು ಎಸೆಯದೆ, ಬಿಸಿಲು ತಾಗದ ಕಡೆ, ಡಬ್ಬಿಯೊಳಗೆ ನಿಲ್ಲಿಸಿ ಇಡಿ. ಬರೆಯುವ ಡಿಸ್ಕಿನ ಬಣ್ಣದ ಪದರ ಬೆಳಕಿಗೂ ಶಾಖಕ್ಕೂ ಮಾಸುತ್ತದೆ.

ಕೆಲಸವನ್ನು ಚೆನ್ನಾಗಿ ಓಡುವ ಒಂದು ಡಿಸ್ಕಿನಿಂದ ಆರಂಭಿಸಿ. ಅದರ ಒಂದು ನಕಲನ್ನು ಬರೆದು, ನಿಮ್ಮ ಬಳಿ ಇರುವ ಪ್ಲೇಯರ್‌ಗಳಲ್ಲಿ ಅತ್ಯಂತ ಹಳೆಯದರಲ್ಲಿ ಕೊನೆಯವರೆಗೂ ಓಡಿಸಿ ನೋಡಿ, ಏಕೆಂದರೆ ತೊಂದರೆ ಹೆಚ್ಚಾಗಿ ಕಾಣಿಸುವುದು ಡಿಸ್ಕಿನ ಹೊರ ಅಂಚಿನಲ್ಲಿ, ಅಂದರೆ ಕಾರ್ಯಕ್ರಮದ ಕೊನೆಯ ಭಾಗದಲ್ಲಿ. ಅದು ಸರಿಯಾದ ಮೇಲೆ ಉಳಿದವನ್ನು ಕೈಗೆತ್ತಿಕೊಳ್ಳಿ. ಪುಟ್ಟ ಡಿಸ್ಕ್‌ಗಳ ಮೇಲೆ ಆರ್ ಎಂದಿದೆಯೇ ಆರ್‌ಡಬ್ಲ್ಯೂ ಎಂದಿದೆಯೇ, ಕ್ಯಾಮ್‌ಕಾರ್ಡರ್ ಇನ್ನೂ ನಿಮ್ಮಲ್ಲಿ ಇದೆಯೇ ಎಂಬುದನ್ನು ಇಲ್ಲಿ ತಿಳಿಸಿದರೆ, ಅವುಗಳಿಗೆ ಯಾವ ದಾರಿ ಹಿಡಿಯಬೇಕೆಂದು ಹಂತ ಹಂತವಾಗಿ ಬರೆಯುತ್ತೇನೆ.