ವಾರಂಟ್ ಇದೆಯೆಂದು ಸುಳ್ಳು ಹೇಳಿ ಪೊಲೀಸರು ಮನೆ ಶೋಧಿಸಿದರೆ ನಮಗಿರುವ ಹಕ್ಕುಗಳೇನು?

ನೀವು ಬರೆದಿರುವ ಪ್ರಕಾರ, ಮೂವರು ಪೊಲೀಸರು ಸಂಜೆ ಮನೆಗೆ ಬಂದು ‘ವಾರಂಟ್ ಠಾಣೆಯಲ್ಲಿದೆ, ಒಂದು ಸಲ ನೋಡಿಕೊಂಡು ಹೋಗುತ್ತೇವೆ’ ಎಂದು ಹೇಳಿ ಬೀರು ತೆಗೆಸಿದ್ದಾರೆ, ನಿಮ್ಮ ತಮ್ಮನ ಲ್ಯಾಪ್‌ಟಾಪ್ ಕೊಂಡೊಯ್ದಿದ್ದಾರೆ, ಹೊರಡುವಾಗ ನಿಮ್ಮ ತಾಯಿಯವರಿಂದ ಖಾಲಿ ಹಾಳೆಯ ಮೇಲೆ ಸಹಿ ಪಡೆದಿದ್ದಾರೆ. ವಾರಂಟ್ ಇರಲೇ ಇಲ್ಲವೆಂಬುದು ಆಮೇಲೆ ತಿಳಿದಿದೆ. ಇದು ಕಾನೂನುಬದ್ಧವೇ, ಬಾಗಿಲಲ್ಲೇ ತಡೆಯಬಹುದಿತ್ತೇ ಎಂದು ಕೇಳಿದ್ದೀರಿ. ಜಿಲ್ಲಾ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ವಕೀಲನಾಗಿ ಉತ್ತರಿಸುತ್ತಿದ್ದೇನೆ.

ವಾರಂಟ್ ಇಲ್ಲದೆ ನಡೆಯುವ ಪ್ರತಿಯೊಂದು ಮನೆ ಶೋಧನೆಯೂ ಅಕ್ರಮವೆನ್ನಲಾಗದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನ ಪ್ರಕಾರ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 165), ತನಿಖೆಗೆ ಅಗತ್ಯವಾದ ವಸ್ತು ಒಂದು ಜಾಗದಲ್ಲಿದೆ, ವಿಳಂಬ ಮಾಡಿದರೆ ಅದು ಸಿಗುವುದಿಲ್ಲ ಎಂದು ನಂಬಲು ಸಕಾರಣವಿದ್ದಾಗ ಠಾಣಾಧಿಕಾರಿ ಅಥವಾ ತನಿಖಾಧಿಕಾರಿ ವಾರಂಟ್ ಇಲ್ಲದೆಯೂ ಶೋಧಿಸಬಹುದು. ಆದರೆ ಹಾಗೆ ನಂಬಲು ಕಾರಣವೇನು, ಯಾವ ವಸ್ತುವನ್ನು ಹುಡುಕಲಾಗುತ್ತಿದೆ ಎಂಬುದನ್ನು ಅವರು ಮೊದಲೇ ಕೇಸ್ ಡೈರಿಯಲ್ಲಿ (ತನಿಖೆಯ ದಿನಚರಿ) ಬರೆದಿಡಬೇಕು. ತಾವೇ ಬರಲಾಗದೆ ಕೆಳಗಿನವರನ್ನು ಕಳುಹಿಸಿದರೆ ಲಿಖಿತ ಆದೇಶ ಕೊಡಬೇಕು. ಆ ದಾಖಲೆಯ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಕಾರಣ ಬರೆದಿಟ್ಟ ಅಧಿಕಾರಿಗೆ ಇಲ್ಲದ ವಾರಂಟಿನ ಹೆಸರು ಹೇಳುವ ಅಗತ್ಯವೇ ಬೀಳುವುದಿಲ್ಲ. ಆದ್ದರಿಂದ ಇಂತಹ ಸುಳ್ಳು ಕೇಳಿದಾಗಲೆಲ್ಲ ಕೇಸ್ ಡೈರಿಯ ಪುಟ ಖಾಲಿಯಿರಬಹುದೆಂಬ ಅನುಮಾನ ನನಗೆ ಬರುತ್ತದೆ. ಕೆಲವೊಮ್ಮೆ ಎಫ್‌ಐಆರ್ ಕೂಡ ಆಗಿರುವುದಿಲ್ಲ.

ಶೋಧನೆ ನಡೆಯುವ ರೀತಿಗೂ ನಿಯಮಗಳಿವೆ. ಅದೇ ಸಂಹಿತೆಯ 103ನೇ ಕಲಮಿನಂತೆ ಆ ಪ್ರದೇಶದ ಕನಿಷ್ಠ ಇಬ್ಬರು ಸ್ವತಂತ್ರ, ಗೌರವಸ್ಥ ಪಂಚರು (ಶೋಧನೆಗೆ ಸಾಕ್ಷಿಗಳು) ಇರಬೇಕು, ಮನೆಯವರು ಪಕ್ಕದಲ್ಲಿ ನಿಂತು ನೋಡಲು ಬಿಡಬೇಕು, ಜಪ್ತಿ ಮಾಡಿದ ವಸ್ತುಗಳ ಪಟ್ಟಿಯ ಪ್ರತಿಯನ್ನು ಮನೆಯವರಿಗೆ ಕೊಡಬೇಕು. ಹೊಸದಾಗಿ ಸೇರಿರುವ 105ನೇ ಕಲಂ ಇಡೀ ಶೋಧನೆಯನ್ನೂ ಪಟ್ಟಿ ಬರೆದು ಸಹಿ ಮಾಡುವುದನ್ನೂ ವಿಡಿಯೊ ಮಾಡಬೇಕೆನ್ನುತ್ತದೆ. ಇದು ಬಹಳ ದೊಡ್ಡ ಬದಲಾವಣೆ. ಹಿಂದೆಲ್ಲ ‘ಪಂಚರ ಸಮಕ್ಷಮ ಮನೆಯಲ್ಲೇ ಬರೆದ ಮಹಜರು’ ಎಂದಿದ್ದ ಕಾಗದವನ್ನು ಹಿಡಿದು ಪಾಟೀಸವಾಲು ಮಾಡಿದರೆ, ಠಾಣೆಯ ಎದುರು ಚಹಾ ಅಂಗಡಿ ಇಟ್ಟುಕೊಂಡಿರುವ ಪಂಚ ‘ಕರೆದರು, ಹೋದೆ, ಠಾಣೆಯಲ್ಲೇ ಸಹಿ ಹಾಕಿದೆ, ಓದಿ ಹೇಳಲಿಲ್ಲ’ ಎಂದು ಒಪ್ಪಿಕೊಳ್ಳುತ್ತಿದ್ದ. ಈಗ ವಿಡಿಯೊ ಎಲ್ಲಿದೆ ಎಂದು ಕೇಳಬಹುದು.

ಬಾಗಿಲಲ್ಲಿ ತಡೆಯುವ ವಿಚಾರದಲ್ಲಿ ಕಾನೂನು ನಿಮ್ಮ ಪರವಾಗಿದ್ದರೂ ನನ್ನ ಸಲಹೆ ಬೇರೆ. ರಾಜಸ್ಥಾನ ಸರ್ಕಾರ ಮತ್ತು ರೆಹಮಾನ್ ನಡುವಿನ ಪ್ರಕರಣದಲ್ಲಿ, ಕಾರಣ ದಾಖಲಿಸದೆ ತಂಬಾಕು ಹುಡುಕಲು ಬಂದ ಅಬಕಾರಿ ಅಧಿಕಾರಿಗಳನ್ನು ತಡೆದ ವ್ಯಕ್ತಿಯ ಬಿಡುಗಡೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದು, ಕಾರಣ ಬರೆಯುವುದು ಕಡ್ಡಾಯವೆಂದಿತು. ಹಾಗೆಂದು ಮೈಮೇಲೆ ಹೋಗಿ ತಡೆಯಬೇಡಿ. ಡೈರಿಯಲ್ಲಿ ಏನಿದೆಯೆಂಬುದು ಹೊಸ್ತಿಲಲ್ಲಿ ನಿಂತ ನಿಮಗೆ ಗೊತ್ತಾಗುವುದಿಲ್ಲ. ಕಟ್ಟುನಿಟ್ಟಾಗಿ ಕಾನೂನಿಗೆ ಹೊಂದದಿದ್ದರೂ ಸರ್ಕಾರಿ ನೌಕರ ಸದ್ಭಾವನೆಯಿಂದ ಮಾಡಿದ ಕೆಲಸದ ವಿರುದ್ಧ ಆತ್ಮರಕ್ಷಣೆಯ ಹಕ್ಕನ್ನು ಭಾರತೀಯ ನ್ಯಾಯ ಸಂಹಿತೆಯ (ಹಳೆಯ ಭಾರತೀಯ ದಂಡ ಸಂಹಿತೆಯ ಬದಲಿಗೆ ಬಂದದ್ದು) 37ನೇ ಕಲಂ ಮೊಟಕುಗೊಳಿಸುತ್ತದೆ. ಕರ್ತವ್ಯಕ್ಕೆ ಅಡ್ಡಿಯೆಂಬ ಕೇಸು ಬಿದ್ದರೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಬಾಯಿಯಲ್ಲಿ ಸ್ಪಷ್ಟವಾಗಿ ಹೇಳಿ: ‘ನನ್ನ ಒಪ್ಪಿಗೆ ಇಲ್ಲ, ವಾರಂಟ್ ಅಥವಾ ಲಿಖಿತ ಆದೇಶ ತೋರಿಸಿ, ಅಪರಾಧ ಸಂಖ್ಯೆ ತಿಳಿಸಿ, ವಿಡಿಯೊ ಮಾಡಿ.’ ಬಂದವರ ಹೆಸರು, ಹುದ್ದೆ, ಠಾಣೆ ಬರೆದುಕೊಳ್ಳಿ. ಗುರುತಿನ ಚೀಟಿ ತೋರಿಸದಿದ್ದರೆ 112ಕ್ಕೆ ಕರೆ ಮಾಡಿ, ಏಕೆಂದರೆ ನಕಲಿ ಪೊಲೀಸರೂ ಹೀಗೆಯೇ ಬರುತ್ತಾರೆ.

ಒಪ್ಪಿಗೆಯ ಮಾತಿಗೆ ಏಕೆ ಇಷ್ಟು ಒತ್ತು ಕೊಡುತ್ತಿದ್ದೇನೆಂದರೆ, ಪೊಲೀಸರ ಸುಳ್ಳು ಕೆಲಸ ಮಾಡುವುದೇ ಅಲ್ಲಿ. 1968ರ ಬಂಪರ್ ಪ್ರಕರಣದಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಅಜ್ಜಿಯೊಬ್ಬರು, ವಾರಂಟ್ ಇದೆಯೆಂಬ ಮಾತು ನಂಬಿ ಪೊಲೀಸರನ್ನು ಒಳಗೆ ಬಿಟ್ಟಿದ್ದರು. ವಾರಂಟ್ ಇದೆಯೆಂದರೆ ತಡೆಯುವ ಹಕ್ಕಿಲ್ಲವೆಂದು ಹೇಳಿದಂತೆಯೇ, ಅದು ಒಪ್ಪಿಗೆಯಾಗದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಕ್ಕೂ ಮುಂಚೆ, 1957ರಲ್ಲಿ, ಕ್ಲೀವ್‌ಲ್ಯಾಂಡಿನ ಡಾಲ್‌ರೀ ಮ್ಯಾಪ್ ಎಂಬ ಮಹಿಳೆಯ ಮುಂದೆ ಪೊಲೀಸರು ಕಾಗದವೊಂದನ್ನು ಆಡಿಸಿ ವಾರಂಟ್ ಎಂದರು. ಆಕೆ ಅದನ್ನು ಕಿತ್ತುಕೊಂಡು ರವಿಕೆಯೊಳಗೆ ತುರುಕಿಕೊಂಡರು. ಪೊಲೀಸರು ಸೆಣಸಾಡಿ ಮರಳಿ ಪಡೆದರು. ವಿಚಾರಣೆಯಲ್ಲಿ ಯಾವ ವಾರಂಟನ್ನೂ ಹಾಜರುಪಡಿಸಲಿಲ್ಲ. 1961ರಲ್ಲಿ ಆಕೆಯ ಶಿಕ್ಷೆ ರದ್ದಾಯಿತು, ಅಕ್ರಮ ಶೋಧನೆಯಲ್ಲಿ ಸಿಕ್ಕ ಸಾಕ್ಷ್ಯವನ್ನು ರಾಜ್ಯಗಳ ನ್ಯಾಯಾಲಯಗಳೂ ಬಳಸುವಂತಿಲ್ಲವೆಂದಾಯಿತು.

ನಮ್ಮಲ್ಲಿ ಆ ರಕ್ಷಣೆ ಇಲ್ಲ. 1973ರ ಪೂರಣ್‌ಮಲ್ ತೀರ್ಪಿನ ಪ್ರಕಾರ, ಶೋಧನೆ ಅಕ್ರಮವಾಗಿತ್ತೆಂಬ ಒಂದೇ ಕಾರಣಕ್ಕೆ ಸಾಕ್ಷ್ಯ ತಿರಸ್ಕೃತವಾಗುವುದಿಲ್ಲ. ನ್ಯಾಯಾಲಯ ಅದನ್ನು ಹೆಚ್ಚು ಎಚ್ಚರದಿಂದ ಪರಿಶೀಲಿಸುತ್ತದೆ, ಅಷ್ಟೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದಲ್ಲಿ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಘೋಷಣೆಯಾದ ಮೇಲೆ ಈ ನಿಲುವು ಬದಲಾಗಬೇಕೆಂಬುದು ನನ್ನ ಅಭಿಪ್ರಾಯ.

ನೀವು ಈಗ ಮಾಡಬೇಕಾದದ್ದು ಹೀಗೆ. ಕರ್ನಾಟಕ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಇದೆಯೇ ಎಂದು ಹುಡುಕಿ. ಸಂಬಂಧಪಟ್ಟ ಮ್ಯಾಜಿಸ್ಟ್ರೇಟರಿಗೆ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಮಿನಡಿ ಅರ್ಜಿ ಕೊಟ್ಟು ಶೋಧನೆಯ ದಾಖಲೆಯ ಪ್ರತಿ ಕೇಳಿ. ಮನೆಯವರಿಗೆ ಅದನ್ನು ಉಚಿತವಾಗಿ ಕೊಡಬೇಕು. ಅಂತಹ ದಾಖಲೆ ಬಂದೇ ಇಲ್ಲವೆಂದು ಹಿಂಬರಹ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ನಿಮಗೆ ಬೇಕಿಲ್ಲ. ಲ್ಯಾಪ್‌ಟಾಪ್ ಬಿಡಿಸಿಕೊಳ್ಳಲು ಅದೇ ಸಂಹಿತೆಯ 503ನೇ ಕಲಮಿನಡಿ ಅಲ್ಲೇ ಇನ್ನೊಂದು ಅರ್ಜಿ ಹಾಕಬಹುದು. ಪೊಲೀಸ್ ದೂರು ಪ್ರಾಧಿಕಾರಕ್ಕೂ ಬರೆಯಬಹುದು. ಇವೆಲ್ಲಕ್ಕಿಂತ ತುರ್ತು ಆ ಖಾಲಿ ಹಾಳೆ: ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಸಹಿ ಹಾಕಿಸಿಕೊಂಡರು, ಆಗ ಅದರಲ್ಲಿ ಏನೂ ಬರೆದಿರಲಿಲ್ಲ ಎಂದು ನಿಮ್ಮ ತಾಯಿಯವರ ಹೆಸರಿನಲ್ಲೇ ಪೊಲೀಸ್ ವರಿಷ್ಠಾಧಿಕಾರಿಗೆ ಇಂದೇ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ, ಪ್ರತಿಯನ್ನು ಮ್ಯಾಜಿಸ್ಟ್ರೇಟರಿಗೂ ಕಳುಹಿಸಿ, ಅಂಚೆ ರಸೀದಿಯನ್ನು ಜೋಪಾನವಾಗಿಟ್ಟುಕೊಳ್ಳಿ.